ಅರ್ಧ ತಾಸು ಕೂಡ್ರು

ನಮ್ಮ ಸರ್ ತೀರಿಕೊಂಡ ಮೇಲೆ ಘಾಟ್ಕೋಪರಿನ ಒಂದು ಹಾಲ್‌ನಲ್ಲಿ ಕನ್ನಡದವರು ಸೇರಿ ಶ್ರದ್ಧಾಂಜಲಿ ಸಭೆ ಮಾಡಿದರು. ಫೋಟೋಕ್ಕೆ ಗಂಧದ ಹಾರ, ಮುಂದೆ ಹಣತೆ, ನೆತ್ತಿಯ ಮೇಲೆ ಯಾರೋ ಅಗ್ಗಕ್ಕೆ ತಂದು ಹಾಕಿಸಿದ ಎಲ್‌ಇಡಿ ಪ್ಯಾನೆಲ್. ಮಾತಾಡಿದವರದೆಲ್ಲ ಒಂದೇ ರಾಗ. ಬೆಳಕು ಕೊಟ್ಟ ಮನುಷ್ಯ, ಬೆಳಕಿನಂಥ ಮನುಷ್ಯ, ಬೆಳಕಾಗಿ ಹೋದ ಮನುಷ್ಯ. ನಾನು ಕೊನೆಯ ಸಾಲಿನಲ್ಲಿ ಎಡ ಹಣೆ ಒತ್ತಿಕೊಂಡು ಕೂತಿದ್ದೆ. ಆ ಪ್ಯಾನೆಲ್‌ನ ಬೆಳಕು ನಡುಗುತ್ತಿತ್ತು. ಬೇರೆ ಯಾರ ಕಣ್ಣಿಗೂ ಅದು ಕಾಣುವುದಿಲ್ಲ. ನನ್ನ ಕಣ್ಣಿಗೂ ಕಾಣುವುದಿಲ್ಲ, ತಲೆಗೆ ಗೊತ್ತಾಗುತ್ತದೆ. ಸರ್ ಬದುಕಿದ್ದು ಅಲ್ಲಿಗೆ ಬಂದಿದ್ದರೆ ಭಾಷಣ ನಿಲ್ಲಿಸಿ, ಹಾಲ್‌ನ ಮೇಲ್ವಿಚಾರಕರನ್ನು ಸ್ಟೇಜಿಗೆ ಕರೆದು ಎಲ್ಲರೆದುರು ಮಾನ ಕಳೆದು, ಆಮೇಲೆ ಉಪ್ಪಿಟ್ಟು ತಿಂದು ಹೋಗುತ್ತಿದ್ದರು.

ಸರ್ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತೇವೆ. ಅವರು ನನ್ನ ಕೈ ಹಿಡಿದುಕೊಂಡು, "ನೀನೂ ಎರಡು ಮಾತಾಡವಾ. ನಿನ್ನ ಮಗಳಗತೆ ನೋಡ್ತಿದ್ರು" ಎಂದರು.

ಮಗಳಂತೆ! ಗಂಟಲು ಕಟ್ಟಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಈಗ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಕೈ ಹಿಡಿದುಕೊಂಡಿರುವುದಿಲ್ಲ, ಅಷ್ಟು ಅನುಕೂಲ.

ಸರ್ ಧಾರವಾಡದ ಕಡೆಯವರು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಡಿಸೈನು, ಟೆಸ್ಟಿಂಗು ಎರಡಕ್ಕೂ ಅವರೇ ಯಜಮಾನರು. ನಾವು ಮಾಡುವುದು ಎರಡೇ ಮಾಲು: ಟ್ರಾಫಿಕ್ ಸಿಗ್ನಲ್‌ನ ದೀಪಗಳು ಮತ್ತು ಆಫೀಸುಗಳ ಸೀಲಿಂಗಿಗೆ ಹಾಕುವ ಚೌಕದ ಪ್ಯಾನೆಲ್‌ಗಳು. ಸರ್ ಸಣಕಲು ಆಳು, ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಒಂದು ಬಿಳಿ ಪೆನ್ನು. ಆ ಪೆನ್ನಿನಿಂದ ಅವರು ಬರೆದದ್ದನ್ನು ನಾನು ನೋಡಿಲ್ಲ. ಯಾವುದೇ ದೀಪದ ಕೆಳಗೆ ಹೋದರೂ ಅದನ್ನು ತೆಗೆದು ಮುಖದ ಮುಂದೆ ಬೀಸಣಿಗೆಯ ಹಾಗೆ ಸರಸರ ಆಡಿಸುವುದು. ದೀಪ ಒಳ್ಳೆಯದಾದರೆ ಪೆನ್ನು ಮಸುಕಾದ ಒಂದೇ ಪಟ್ಟಿಯಾಗಿ ಕಾಣುತ್ತದೆ. ದೀಪ ನಡುಗುತ್ತಿದ್ದರೆ ಒಂದು ಪೆನ್ನು ಹತ್ತು ಪೆನ್ನಾಗಿ ಬೇರೆ ಬೇರೆ ಕಾಣುತ್ತದೆ. ಲೋಕಲ್ ಟ್ರೇನಿನಲ್ಲಿ ಆಡಿಸುತ್ತಿದ್ದರು, ಉಡುಪಿ ಹೋಟೆಲಿನಲ್ಲಿ ಆಡಿಸುತ್ತಿದ್ದರು. ನಮ್ಮ ಅಕೌಂಟ್ಸ್‌ನವನೊಬ್ಬ ಸಾಲ ಮಾಡಿ ಫ್ಲಾಟ್ ತೆಗೆದುಕೊಂಡು ಗೃಹಪ್ರವೇಶಕ್ಕೆ ಕರೆದಾಗ, ಹೊಸ್ತಿಲು ದಾಟಿ ಪೆನ್ನು ಆಡಿಸಿ, "ಮನಿ ಛಲೋ ಅದ. ಈ ಲೈಟಿನ್ಯಾಗ ನಿನ್ನ ಹೆಂಡ್ತಿಗೆ ಹುಚ್ಚು ಹಿಡೀತದ ನೋಡು" ಎಂದರು. ಆ ಹೆಂಗಸು ಕೈಯಲ್ಲಿ ಪಾಯಸದ ಲೋಟ ಹಿಡಿದುಕೊಂಡು ನಿಂತಿದ್ದಳು.

ಸಿಗ್ನಲ್ ವಿಷಯದಲ್ಲಂತೂ ಅವರಿಗೆ ಹುಚ್ಚೇ. ಸಂಜೆ ಸೂರ್ಯ ಇಳಿಯುವಾಗ ಪಡುವಣಕ್ಕೆ ಮುಖ ಮಾಡಿದ ಸಿಗ್ನಲ್ ಕಂಬಗಳಲ್ಲಿ ಮೂರೂ ದೀಪ ಹೊತ್ತಿದ ಹಾಗೆ ಕಾಣುತ್ತದೆ. ಬಿಸಿಲು ಒಳಗೆ ಹೋಗಿ ಕನ್ನಡಿಗೆ ಬಡಿದು ಬರುವುದರಿಂದ ಆಗುವ ಮೋಸ ಅದು. ಕೆಂಪೋ ಹಸಿರೋ ಗೊತ್ತಾಗದೆ ರಿಕ್ಷಾದವರು ನುಗ್ಗುತ್ತಾರೆ. ಒಂದಿಡೀ ಬೇಸಿಗೆ ಸರ್ ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ರಸ್ತೆಯ ನಡುವಿನ ಕಟ್ಟೆಯ ಮೇಲೆ ನಿಂತು ಅದನ್ನೇ ನೋಡಿದರು. ದೀಪದ ಮೇಲಿನ ಟೊಪ್ಪಿಗೆಯನ್ನು ಉದ್ದ ಮಾಡಿಸಿದರು, ಗಾಜಿನ ಬಣ್ಣ ಬದಲಿಸಿದರು, ಒಳಗಿನ ಕನ್ನಡಿಯನ್ನೇ ಕಿತ್ತು ಹಾಕಿಸಿದರು. ಈಗ ನಮ್ಮ ಸಿಗ್ನಲ್‌ಗಳಲ್ಲಿ ಆ ಮೋಸ ಇಲ್ಲ. ಇದನ್ನು ನಾನು ಒಪ್ಪಲೇಬೇಕು, ಹೊಟ್ಟೆ ಉರಿದರೂ ಒಪ್ಪಲೇಬೇಕು.

ಆದರೆ ಸಾವಂತರ ಕತೆಯನ್ನೂ ಹೇಳಬೇಕಲ್ಲ. ಸಾವಂತ ಅಂತ ನಮ್ಮಲ್ಲಿ ಬೆಸುಗೆ ಹಾಕುವವರಿದ್ದರು, ರತ್ನಾಗಿರಿಯ ಕಡೆಯ ಮೆತ್ತಗಿನ ಮನುಷ್ಯ. ಒಂದು ಮಳೆಗಾಲ ಅವರು ಬೆಸೆದ ಕೆಂಪು ದೀಪವೊಂದರಲ್ಲಿ ನೀರು ಹೊಕ್ಕು ಒಳಗಿನ ಎಲ್‌ಇಡಿ ಚುಕ್ಕಿಗಳಲ್ಲಿ ಅರ್ಧ ಸತ್ತವು. ಯಾರಿಗೂ ಏನೂ ಆಗಲಿಲ್ಲ, ದೀಪ ವಾಪಸು ಬಂತು ಅಷ್ಟೆ. ಸರ್ ಅದನ್ನು ಸಾವಂತರ ಟೇಬಲಿನ ಮೇಲೆ, ತಲೆಗೆ ತಾಗುವಷ್ಟು ಕೆಳಗೆ, ತಂತಿ ಕಟ್ಟಿ ತೂಗಿಸಿದರು. ಅದಕ್ಕೊಂದು ಹೂವಿನ ಹಾರ ಬೇರೆ. "ಯಾರರ ಸತ್ತಿದ್ರ ಅವರ ಫೋಟೋನೂ ಬಾಜೂಕ ಹಾಕ್ತಿದ್ದೆ. ನಿಮ್ಮ ನಸೀಬು ಛಲೋ ಅದ" ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಹೇಳಿದರು, ಒಬ್ಬರಿಗೂ ತಪ್ಪಿಹೋಗಬಾರದು ಅಂತ. ಸಾವಂತ ಗಣಪತಿ ಹಬ್ಬದವರೆಗೆ ಅದರ ಕೆಳಗೆ ತಲೆ ಬಗ್ಗಿಸಿ ಕೆಲಸ ಮಾಡಿ, ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ನಂತರ ನಮ್ಮ ಕಾರ್ಖಾನೆಯಲ್ಲಿ ಒಬ್ಬರ ಬೆಸುಗೆಯೂ ಬಿಟ್ಟಿಲ್ಲ. ಸರ್ ಅವರ ದರಿದ್ರ ಗುಣವೇ ಅದು, ಅವರು ಕೊಟ್ಟ ಹಿಂಸೆ ಕೆಲಸ ಮಾಡುತ್ತಿತ್ತು.

ಇನ್ನು ನನ್ನ ಕತೆ. ನಾನು ಹುಟ್ಟಿದ್ದು ಕುರ್ಲಾದ ಚಾಳಿನಲ್ಲಿ, ಅಪ್ಪ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿಕೊಂಡು ಸೇರಿದವಳಿಗೆ ಇದ್ದದ್ದು ಒಂದೇ ಆಸೆ, ಸಿಗ್ನಲ್ ಡಿಸೈನಿನ ಟೇಬಲಿಗೆ ಹೋಗಬೇಕು. ನಾನು ಬಿಡಿಸಿದ ಸರ್ಕೀಟಿನ ದೀಪ ನಮ್ಮ ಕುರ್ಲಾದ ನಾಕಾದಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಉರಿಯಬೇಕು, ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಬೇಕು. ದೊಡ್ಡ ಆಸೆಯೇನಲ್ಲ. ಸರ್ ನನ್ನನ್ನು ಮೊದಲು ಟೆಸ್ಟಿಂಗಿಗೆ ಹಾಕಿದರು, ಕಲಿಯಲಿ ಅಂತ.

ಸೇರಿದ ಹೊಸತರಲ್ಲೇ ಆಫೀಸ್ ಪ್ಯಾನೆಲಿನ ಹೊಸ ಸ್ಯಾಂಪಲ್ ಕೆಳಗೆ ಕೂತಿದ್ದಾಗ ನನ್ನ ಎಡಗಡೆಯ ತಲೆ ಸಿಡಿಯಲು ಶುರುವಾಯಿತು.

"ಸರ್, ಈ ಲೈಟಲ್ಲಿ ಏನೋ ಉಂಟು. ತಲೆ ನೋಯ್ತದೆ."

"ನಾಷ್ಟಾ ಮಾಡಿ ಬಂದೀಯೇನು?"

"ಮಾಡಿದ್ದೇನೆ ಸರ್."

ಅವರು ಪೆನ್ನು ಆಡಿಸಿ ನೋಡಿದರು. ಪೆನ್ನು ಒಂದೇ ಪಟ್ಟಿಯಾಗಿ ಕಂಡಿತು. ದೀಪ ಸರಿಯಾಗಿದೆ ಎಂದು ಅರ್ಥ. ಹೊರಟೇಬಿಟ್ಟವರು ಅರ್ಧ ದಾರಿಯಲ್ಲಿ ತಿರುಗಿ ನನ್ನ ಮುಖ ನೋಡಿದರು. ನನ್ನ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಬಲಗಣ್ಣು ಒಣಗಿಯೇ ಇತ್ತು. ಅವರು ದೀಪವನ್ನು ಬಿಚ್ಚಿಸಿ, ಪಕ್ಕದ ಯೂನಿಟ್‌ನಿಂದ ನಡುಕ ಅಳೆಯುವ ಯಂತ್ರ ತರಿಸಿ ನೋಡಿದರು. ಪೆನ್ನಿಗೆ ಸಿಗದಷ್ಟು ಸೂಕ್ಷ್ಮವಾದ ನಡುಕ ಅದರಲ್ಲಿತ್ತು. ಆಗ ಸರ್ ಮುಖದಲ್ಲಿ ಬಂದ ಸಂತೋಷ! ಲಾಟರಿ ಹೊಡೆದವರ ಮುಖದಲ್ಲೂ ನಾನು ಅಷ್ಟು ಸಂತೋಷ ನೋಡಿಲ್ಲ.

ಮರುದಿನದಿಂದ ನಾನು ಮೀಟರ್ ಆದೆ. ಹೊಸ ಸ್ಯಾಂಪಲ್ ಬಂದರೆ ನನ್ನನ್ನು ಅದರ ಕೆಳಗೆ ಒಂದು ಕುರ್ಚಿಯಲ್ಲಿ ಕೂರಿಸುವುದು, ಎದುರಿಗೆ ಸರ್ ಇನ್ನೊಂದು ಕುರ್ಚಿಯಲ್ಲಿ ಕೂತು ನನ್ನ ಎಡಗಣ್ಣನ್ನು ನೋಡುವುದು.

"ಏನವಾ, ತಲಿ ನೋಯ್ಲಿಕತ್ತದೇನು?"

"ಸ್ವಲ್ಪ ಸ್ವಲ್ಪ, ಸರ್."

"ಸ್ವಲ್ಪ ಅಂದ್ರ ನಡಿಯೂದಿಲ್ಲ. ಅರ್ಧ ತಾಸು ಕೂಡ್ರು, ಆಮ್ಯಾಲೆ ಹೇಳು."

ಅರ್ಧ ತಾಸು ಅಂದರೆ ಅರ್ಧ ಗಂಟೆ. ಅವರ ಅರ್ಧ ತಾಸು ಕೆಲವು ಸಲ ಊಟದ ಹೊತ್ತಿನವರೆಗೂ ಮುಗಿಯುತ್ತಿರಲಿಲ್ಲ. ನಾನು ಬಾಯಿ ಬಿಟ್ಟು ಹೇಳುವುದಕ್ಕೂ ಅವರು ಕಾಯುತ್ತಿರಲಿಲ್ಲ. ಕಣ್ಣಿನಲ್ಲಿ ನೀರು ಬಂದ ಕೂಡಲೇ ತೊಡೆ ತಟ್ಟಿ, "ಬಂತು! ರಿಜೆಕ್ಟ್!" ಎಂದು ಎದ್ದುಬಿಡುತ್ತಿದ್ದರು. ಮೊದಲ ದಿನಗಳಲ್ಲಿ ಒಂದು ಮಾತ್ರೆ ನುಂಗಿ ಹೋಗುತ್ತಿದ್ದೆ. ಅದು ಗೊತ್ತಾದ ದಿನ ನನ್ನ ಬ್ಯಾಗು ತೆಗೆಸಿ ಮಾತ್ರೆಯ ಪಟ್ಟಿಯನ್ನೇ ಕಿತ್ತುಕೊಂಡರು. "ಗುಳಿಗಿ ತೊಗೊಂಡ್ರ ರೀಡಿಂಗ್ ತಪ್ಪತದ. ಸಂಜಿಗೆ ಮನಿಗೆ ಹೋಗಿ ನುಂಗು."

ಒಮ್ಮೆ ತಡೆಯಲಾರದೆ ಕುರ್ಚಿಯಲ್ಲೇ ಬಗ್ಗಿ ವಾಂತಿ ಮಾಡಿಕೊಂಡೆ. ಸರ್ ಓಡಿ ಬಂದು ಬಕೇಟು ಹಿಡಿದರು. ಅದನ್ನು ಮರೆಯುವುದಿಲ್ಲ, ಯಾಕೆಂದರೆ ಎಡಗೈಯಲ್ಲಿ ಬಕೇಟು ಹಿಡಿದು ಬಲಗೈಯಲ್ಲಿ ಪೆನ್ನು ಆಡಿಸುತ್ತಿದ್ದರು.

ಮಾಲೀಕರು ಒಂದು ಒಳ್ಳೆಯ ಯಂತ್ರವನ್ನೇ ತರಿಸಿಬಿಡೋಣ ಎಂದರೂ ಸರ್ ಬೇಡವೆಂದರು. ನಾನು ಅಲ್ಲೇ ನಿಂತಿದ್ದೆ. "ಮಿಷಿನ್ ನಂಬರ್ ಹೇಳ್ತದ, ನೋವು ಹೇಳೂದಿಲ್ಲ. ಆಫೀಸ್‌ನ್ಯಾಗ ಕೂಡ್ರೂದು ಮಿಷಿನ್ ಅಲ್ಲ, ಮನಿಷಾರು. ಈಕಿ ನೋವು ಹೇಳ್ತಾಳ." ಆ ಮಾತಿನಲ್ಲಿ ತಪ್ಪೇನಿದೆ ಹೇಳಿ! ನನಗೂ ಅಂದು ಒಳಗೊಳಗೇ ಹೆಮ್ಮೆಯಾಯಿತು. ನನ್ನ ಆ ಹೆಮ್ಮೆಗೆ ಬೆಂಕಿ ಬೀಳಲಿ.

ಅಮ್ಮ ದಿನಾ ಬೈಯುತ್ತಿದ್ದಳು. "ಬಿಟ್ಟು ಬಾ ಮಾರಾಯ್ತಿ. ಆ ಮನುಷ್ಯನಿಗೆ ಒಂದು ಸಲ ಆದ್ರೂ ತಲೆನೋವು ಬರ್ಬಾರ್ದಾ?" ಬರುತ್ತಿರಲಿಲ್ಲ. ಸರ್‌ಗೆ ಜನ್ಮದಲ್ಲಿ ತಲೆ ನೋವು ಬಂದದ್ದಿಲ್ಲ, ಅವರೇ ಹೇಳಿಕೊಳ್ಳುತ್ತಿದ್ದರು. ನಾನು ಯಾಕೆ ಬಿಡಲಿಲ್ಲವೆಂದರೆ ಸಿಗ್ನಲ್ ಟೇಬಲಿನ ಆಸೆಗೆ. ಕೇಳಿದಾಗಲೆಲ್ಲ ಸರ್ ಇಲ್ಲ ಅನ್ನುತ್ತಿರಲಿಲ್ಲ. "ಈ ದಸರಾ ಆಗ್ಲಿ. ದಸರಾಕ್ಕ ನಿನ್ನ ಸಿಗ್ನಲ್‌ಗೆ ಹಾಕ್ತೇನಿ" ಎನ್ನುತ್ತಿದ್ದರು. ಮಾತು ಕೊಟ್ಟ ಮೇಲೆ ಇನ್ನೇನು ಬೇಕು?

ಮಾತು ಕೊಟ್ಟ ಆ ಮೊದಲ ದಸರಾ. ಕಾರ್ಖಾನೆಯಲ್ಲಿ ಆಯುಧಪೂಜೆ ಜೋರು. ಹಿಂದಿನ ದಿನವೇ ಗೊಂಡೆ ಹೂವಿನ ಚೀಲಗಳು ಬರುತ್ತವೆ, ಎಲ್ಲ ಯಂತ್ರಗಳನ್ನು ಒರೆಸಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಪೂಜೆ ಮಾಡುವವರು ಸರ್ ಅವರೇ. ನಾನು ಅಮ್ಮನ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಎಲ್ಲರೆದುರು ಹೇಳುತ್ತಾರೆ, ಇವತ್ತಿನಿಂದ ಈಕೆ ಸಿಗ್ನಲ್ ಡಿಸೈನಿಗೆ ಅಂತ. ಸಂಜೆ ಪೇಡೆ ಹಂಚಲು ಅಪ್ಪನಿಗೆ ಹೇಳಿ ಇಟ್ಟಿದ್ದೆ.

ಸರ್ ಡ್ರಿಲ್ಲಿಂಗ್ ಮಿಷಿನಿಗೆ ಪೂಜೆ ಮಾಡಿದರು, ಬೆಸುಗೆಯ ಕಡ್ಡಿಗಳಿಗೆ ಮಾಡಿದರು, ತಕ್ಕಡಿಗೆ, ವೋಲ್ಟ್‌ಮೀಟರಿಗೆ ಮಾಡಿದರು. ಆಮೇಲೆ ನನ್ನ ಕಡೆ ನೋಡಿ, "ಬಾ ಇಲ್ಲೆ" ಎಂದು ಕರೆದರು. ಹೋದೆ. ಟೆಸ್ಟಿಂಗ್ ಕುರ್ಚಿ ತೋರಿಸಿ, "ಕೂಡ್ರು" ಎಂದರು. ಕೂತೆ. ಸರ್ ನನ್ನ ಹಣೆಗೆ ಅರಿಶಿನ ಹಚ್ಚಿ, ಕುಂಕುಮ ಹಚ್ಚಿ, ಎರಡು ಅಕ್ಷತೆ ಕಾಳು ಹಾಕಿ, ಕುರ್ಚಿಗೆ ಗೊಂಡೆ ಹೂವಿನ ಸರ ಸುತ್ತಿ, ವೋಲ್ಟ್‌ಮೀಟರಿಗೆ ಎತ್ತಿದ ಅದೇ ಆರತಿಯನ್ನು ನನಗೂ ಎತ್ತಿದರು. ಆಮೇಲೆ ಪ್ಯಾಕಿಂಗಿನ ಕಡೆಯಿಂದ ಯಾರೋ "ಮೀಟರ್ ಕೀ ಜೈ!" ಎಂದು ಕೂಗಿದರು. ಇಡೀ ಕಾರ್ಖಾನೆ ಹೊಟ್ಟೆ ಹಿಡಿದು ನಕ್ಕಿತು. ಸರ್ ಮಾತ್ರ ನಗಲಿಲ್ಲ. ಅವರು ತಮಾಷೆ ಮಾಡಿದ್ದಲ್ಲ. ನಿಜವಾಗಿ ಪೂಜೆ ಮಾಡಿದ್ದರು, ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ಪೂಜೆ ಮುಗಿದ ಮೇಲೆ ಕ್ಯಾಬಿನಿಗೆ ಹೋಗಿ ಕೇಳಿದೆ. ಕುಂಕುಮ ಒರೆಸಿಕೊಂಡೂ ಇರಲಿಲ್ಲ.

"ಸರ್, ದಸರಾಕ್ಕೆ ಸಿಗ್ನಲ್‌ಗೆ ಹಾಕ್ತೇನೆ ಅಂದಿದ್ರಿ."

"ಮೀಟರ್ ಡಿಸೈನ್ ಮಾಡ್ತದೇನವಾ?" ಬಾಯಲ್ಲಿ ಪ್ರಸಾದ ಇತ್ತು, ಅಗಿಯುತ್ತಲೇ ಹೇಳಿದರು. "ಡಿಸೈನ್ ಮಾಡವ್ರು ಭಾಳ ಮಂದಿ ಸಿಗ್ತಾರ. ನಿನ್ನಂಥಾ ತಲಿ ಎಲ್ಲಿ ಸಿಗತದ? ಮುಂದಿನ ದಸರಾಕ್ಕ ನೋಡೂಣು."

ಮುಂದಿನ ದಸರಾಕ್ಕೂ ಕುಂಕುಮ ಹಚ್ಚಿದರು. ಅದರ ಮುಂದಿನದಕ್ಕೂ. ಎಷ್ಟೋ ದಸರಾ ಹೀಗೇ ಕಳೆದವು, ಅಪ್ಪ ಹೋದರು, ನನ್ನ ತಲೆಯಲ್ಲಿ ಬಿಳಿ ಕೂದಲು ಬಂತು. ರೇಷ್ಮೆ ಸೀರೆ ಮಾತ್ರ ಆಮೇಲೆ ಉಡಲಿಲ್ಲ.

ನಡುವೆ ಒಮ್ಮೆ ಅಂಧೇರಿಯ ಒಂದು ದೊಡ್ಡ ಆಫೀಸಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಹಳೆಯ ಪ್ಯಾನೆಲ್‌ಗಳಿದ್ದಾಗ ಅಲ್ಲಿಯ ಹುಡುಗಿಯರು ತಲೆನೋವು ತಾಳಲಾರದೆ ದೀಪಗಳಿಗೆ ಕಾಗದ ಅಂಟಿಸಿಕೊಂಡು ಅರೆಗತ್ತಲಲ್ಲಿ ಕೆಲಸ ಮಾಡುತ್ತಿದ್ದರಂತೆ. ನಮ್ಮವು ಹಾಕಿದ ಮೇಲೆ ಕಾಗದಗಳೆಲ್ಲ ಹೋಗಿದ್ದವು. ಒಬ್ಬ ಹುಡುಗಿ ಬಂದು, "ಸರ್, ಅಬ್ ಶಾಮ್ ಕೋ ಸರ್ ನಹೀ ದುಖ್ತಾ" ಎಂದಳು. ಸಂಜೆಯಾದರೆ ಈಗ ತಲೆ ನೋಯುವುದಿಲ್ಲವಂತೆ. ಸರ್ ನನ್ನತ್ತ ಬೆರಳು ತೋರಿಸಿ, "ಉಸ್ಕಾ ದುಖಾ ನಾ" ಎಂದರು, ಆಕೆಯದು ನೋಯಿತಲ್ಲ ಅಂತ. ಅದು ಥ್ಯಾಂಕ್ಸೋ ಲೆಕ್ಕ ಒಪ್ಪಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿಗೂ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕು ಹೋದಳು.

ಸರ್ ರಿಟೈರ್ ಆದ ದಿನ ಹೊಸ ಸಾಹೇಬರಿಗೆ ಸಾಮಾನು ಒಪ್ಪಿಸುತ್ತಿದ್ದರು. ಇವರು ಗುಜರಾತಿನ ಕಡೆಯ ಚುರುಕು ಹುಡುಗ. ಯಂತ್ರಗಳ ಸಾಲಿನ ಕೊನೆಯಲ್ಲಿ ನಿಂತಿದ್ದ ನನ್ನನ್ನು ತೋರಿಸಿ ಸರ್ ಹಿಂದಿಯಲ್ಲಿ ಹೇಳಿದರು, ಇದು ನಮ್ಮ ಎಲ್ಲಕ್ಕಿಂತ ಒಳ್ಳೆಯ ಮೀಟರ್, ಬೀಳಿಸಬೇಡಿ. ಹೊಸ ಸಾಹೇಬರು ಪಾಪ, ನಾಚಿಕೊಂಡು ನೆಲ ನೋಡಿದರು. ಬಂದ ತಿಂಗಳಲ್ಲೇ ಯಂತ್ರ ತರಿಸಿದರು. "ಮ್ಯಾಡಮ್, ಅಬ್ ಆಪ್ ಕೋ ತಕಲೀಫ್ ನಹೀ ಹೋಗೀ", ಇನ್ನು ನಿಮಗೆ ತೊಂದರೆಯಿಲ್ಲ ಎಂದು ಕೈ ಮುಗಿದು ಹೇಳಿದರು. ನಾನು ಸಿಗ್ನಲ್ ಟೇಬಲ್ ಕೇಳಿದೆ. ಅವರು ಮರ್ಯಾದೆಯಿಂದಲೇ ಕಂಪ್ಯೂಟರಿನಲ್ಲಿ ಒಂದು ಸರ್ಕೀಟು ತೋರಿಸಿ ಇದನ್ನು ಹೇಗೆ ಬದಲಿಸುತ್ತೀರಿ ಎಂದರು. ನನಗೆ ಬರಲಿಲ್ಲ. ಎಲ್ಲಿಂದ ಬರಬೇಕು? ಇಷ್ಟು ವರ್ಷ ನಾನು ಮಾಡಿದ ಕೆಲಸ ಕುರ್ಚಿಯಲ್ಲಿ ಕೂತು ಕಣ್ಣೀರು ಬಿಡುವುದು. ಈಗ ಡಿಸ್ಪ್ಯಾಚಿನಲ್ಲಿದ್ದೇನೆ. ಡಬ್ಬಗಳ ಮೇಲೆ ಪಾಸ್ ಎಂದು ಠಸ್ಸೆ ಒತ್ತುತ್ತೇನೆ.

ಈ ವರ್ಷ ಮಳೆ ಶುರುವಾಗುವ ಮುಂಚೆ ಸರ್‌ಗೆ ಲಕ್ವ ಹೊಡೆಯಿತು ಎಂದು ಸುದ್ದಿ ಬಂತು. ಘಾಟ್ಕೋಪರಿನ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದದ್ದು ಕನಿಕರದಿಂದಲ್ಲ, ಸುಳ್ಳು ಯಾಕೆ ಹೇಳಲಿ. ಆ ಮನುಷ್ಯ ಮಲಗಿದ್ದನ್ನು ನೋಡಬೇಕಿತ್ತು.

ಬಾಗಿಲಲ್ಲೇ ಕಾಕೂ ಸಿಕ್ಕರು. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತಿಲ್ಲ, ಎಡಗೈಗೆ ಸಲೈನ್ ಹಾಕಿ ಕಟ್ಟಿಬಿಟ್ಟಿದ್ದಾರೆ ಎಂದರು. "ದಿನಾಪೂರ್ತಿ ಮ್ಯಾಲೆ ಲೈಟ್ ನೋಡ್ತಾರ, ಆಮ್ಯಾಲೆ ಆ ಪೆನ್ ನೋಡ್ತಾರ. ಏನರ ಬರೀಬೇಕು ಅಂತಾರೇನೋ ಅಂತ ಹಾಳಿ ಕೊಟ್ಟೆ. ಸಿಟ್ಟಿಲೆ ನನ್ನ ಕಡೆ ಕಣ್ಣು ತೆಗದ್ರು. ನನಗೇನೂ ತಿಳೀವಲ್ದು."

ನನಗೆ ತಿಳಿಯಿತು. ಸರ್‌ಗೆ ಬರೆಯುವುದೇನೂ ಇರಲಿಲ್ಲ. ನೆತ್ತಿಯ ಮೇಲಿನ ಆ ಪ್ಯಾನೆಲ್ ಹೇಗಿದೆಯೆಂದು ಗೊತ್ತಾಗಬೇಕಿತ್ತು, ಪೆನ್ನು ಆಡಿಸಲು ಕೈ ಇರಲಿಲ್ಲ. ಕಾಕೂ ಮುಂದುವರಿಸಿದರು, "ನೀನೂ ಲೈಟಿನ ಲೈನ್‌ನಾಕಿನೇ ಅಲ್ಲೇನು. ಅದ್ರಾಗ ಏನರ ಖರಾಬ್ ಇದ್ರ ಹೇಳವಾ, ವಾರ್ಡಿನವ್ರು ಬದಲಿ ಮಾಡ್ತೇನಿ ಅಂದಾರ."

ಒಳಗೆ ಹೋದೆ. ಪೆನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಸರ್ ನನ್ನನ್ನು ನೋಡಿದರು, ದೀಪ ನೋಡಿದರು, ಮತ್ತೆ ನನ್ನನ್ನು ನೋಡಿದರು. ಕುಂಕುಮ ಹಚ್ಚುವಾಗ ಇದ್ದ ಅದೇ ಭಕ್ತಿ ಆ ಕಣ್ಣಲ್ಲಿತ್ತು. ಹೆಂಡತಿ ಮಕ್ಕಳು ಯಾರಿಂದಲೂ ಆಗದ ಕೆಲಸಕ್ಕೆ ಕೊನೆಗೂ ಮೀಟರ್ ಬಂದಿತ್ತು.

ನಾನು ಪೆನ್ನನ್ನು ಎತ್ತಿ ಅವರ ಕಣ್ಣಿಗೆ ಬೀಳದ ಹಾಗೆ ಸ್ಟೂಲಿನ ಕೆಳಗಿನ ಖಾನೆಯಲ್ಲಿಟ್ಟೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. "ಅರ್ಧ ತಾಸು ಕೂತು ಹೇಳ್ತೇನೆ, ಸರ್" ಎಂದೆ. ಅಷ್ಟು ಹೊತ್ತು ಬೇಕಾಗಲಿಲ್ಲ. ಥೂ, ಎಂಥ ಕೆಟ್ಟ ದೀಪ ಅದು! ಸ್ವಲ್ಪದರಲ್ಲೇ ಎಡ ಹಣೆಯಲ್ಲಿ ಮೊಳೆ ಹೊಡೆದ ಹಾಗಾಯಿತು. ಆದರೂ ಕೂತೆ. ನಾನು ಏನು ಹೇಳಬೇಕು ಅಂತ ಬಾಗಿಲಲ್ಲಿ ನಿಂತಾಗಲೇ ಅಲ್ಲ, ಎಷ್ಟೋ ದಸರಾಗಳ ಹಿಂದೆಯೇ ತೀರ್ಮಾನವಾಗಿತ್ತು. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ.

"ಲೈಟ್ ಪಾಸ್, ಸರ್. ಏನೂ ತೊಂದರೆ ಇಲ್ಲ. ಇದೇ ಇರ್ಲಿ."

ಕಾಕೂಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಈಗ ಈ ಮನುಷ್ಯ ಆ ದೀಪದ ಕೆಳಗೆ, ಸರಿಯೋ ತಪ್ಪೋ ಗೊತ್ತಾಗದೆ, ಬಿದ್ದಿರಲಿ. ಜೀವನದಲ್ಲಿ ಮೊದಲ ಸಲ ಮೀಟರ್ ಅವರಿಗೆ ತಪ್ಪು ರೀಡಿಂಗ್ ಕೊಟ್ಟಿತ್ತು.

ಸರ್ ನನ್ನ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರು ನನ್ನ ಎಡಗಣ್ಣು ನೋಡುತ್ತಿದ್ದರು. ನನಗೆ ಅದು ಗೊತ್ತಾಗುವ ಹೊತ್ತಿಗೆ ನೀರು ಕೆನ್ನೆಯವರೆಗೆ ಇಳಿದಿತ್ತು. ಒರೆಸಿಕೊಂಡರೆ ಒಪ್ಪಿಕೊಂಡ ಹಾಗೆ, ಬಿಟ್ಟರೆ ಇಳಿಯುತ್ತಲೇ ಇರುತ್ತದೆ. ಹಾಗೇ ಕೂತಿದ್ದೆ. ಸರ್ ಮುಖದ ಎಡಭಾಗ, ಅದೊಂದೇ ಉಳಿದಿದ್ದದ್ದು, ಮೆಲ್ಲಗೆ ಮೇಲೆದ್ದು ನಕ್ಕಿತು. ಸಂಶಯ ತೀರಿತು. ದೀಪ ರಿಜೆಕ್ಟ್, ಮೀಟರ್ ಸರಿ ಇದೆ. ಕಣ್ಣು ಮುಚ್ಚಿ ನಿದ್ದೆ ಹೋದರು.

ಕಾಕೂ ಲಿಫ್ಟಿನವರೆಗೆ ಬಂದರು. ನನ್ನ ಕೆನ್ನೆಯನ್ನು ತಮ್ಮ ಸೆರಗಿನಿಂದ ಒರೆಸಿದರು.

"ಅಳಬ್ಯಾಡವಾ. ನೀ ಬಂದಿ ಅಂತ ನಕ್ಕರು ನೋಡು, ಇಷ್ಟು ದಿನದಾಗ ಇವತ್ತ ನಕ್ಕದ್ದು. ಮಲಗಿದ್ರೂ ಸೈತ. ನಾಳೆನೂ ಬಾ, ನಿನ್ನ ಕಾಲಿಗೆ ಬೀಳ್ತೇನಿ. ಬಂದು ಒಂದು ಅರ್ಧ ತಾಸು ಕೂತು ಹೋಗು."

ಆಯ್ತು ಕಾಕೂ, ಬರ್ತೇನೆ ಎಂದೆ. ಹೋಗಲಿಲ್ಲ.